ಗುಲಾಬಿ ಬೆಳಕಿಗೆ ಯಾವ ಸ್ವರ? ಒಂದು ವಿಕಟ ಕಾದಂಬರಿ ಎಲೆಕ್ಟ್ರಾನಿಕ್ ಒಪೆರಾ ಆದ ಬಗೆ

ಕಾದಂಬರಿಯನ್ನು ಸಿನಿಮಾ ಮಾಡೋದು ನಮಗೆ ಹೊಸದಲ್ಲ. ನೋಡಿ ಹೊರಗೆ ಬಂದಮೇಲೆ "ಪುಸ್ತಕದಷ್ಟು ಚೆನ್ನಾಗಿಲ್ಲ ಬಿಡು" ಅನ್ನೋದಂತೂ ಇನ್ನೂ ಹಳೆಯದು. ಆದರೆ ಕೆಲವು ಕಾದಂಬರಿಗಳಿವೆ, ಅವನ್ನು ಬೇರೆ ಮಾಧ್ಯಮಕ್ಕೆ ತರ್ತೀನಿ ಅಂದರೆ ಓದಿದವರೆಲ್ಲ "ಅದು ಆಗೋ ಕೆಲಸವಲ್ಲ ಮಾರಾಯ" ಅಂತಾರೆ. ಅಂಥದ್ದರಲ್ಲಿ ಒಂದು ಅಮೆರಿಕದ ಫಿಲಿಪ್ ಕೆ. ಡಿಕ್ ಬರೆದ 'ವಾಲಿಸ್'. 1981ರಲ್ಲಿ ಪ್ರಕಟವಾದ ಪುಸ್ತಕ. ಆರೇ ವರ್ಷಗಳ ನಂತರ, 1987ರ ಡಿಸೆಂಬರ್‌ನಲ್ಲಿ, ಪ್ಯಾರಿಸ್ಸಿನ ಪಾಂಪಿದೂ ಸೆಂಟರ್‌ನಲ್ಲಿ ಅದು ಒಪೆರಾ ಆಗಿ ರಂಗಕ್ಕೆ ಬಂತು. ಆರ್ಕೆಸ್ಟ್ರಾ ಇಲ್ಲ. ಗಾಯಕರ ಜೊತೆಗೆ ಒಬ್ಬ ಕೀಬೋರ್ಡ್ ವಾದಕ, ಒಬ್ಬ ತಾಳವಾದ್ಯದವನು, ಉಳಿದದ್ದೆಲ್ಲ ಕಂಪ್ಯೂಟರ್. ಕಟ್ಟಿದವನು ಟಾಡ್ ಮಾಕೋವರ್ ಅನ್ನುವ ಸಂಗೀತ ಸಂಯೋಜಕ, ಎಂಐಟಿ ಮೀಡಿಯಾ ಲ್ಯಾಬ್‌ನ ಅಧ್ಯಾಪಕ.

ಇದರಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಏನು ಕೆಲಸ ಅಂತ ಕೇಳಬಹುದು. ಕೆಲಸ ಇದೆ. ಈ ಒಪೆರಾದಲ್ಲಿ ಕಾದಂಬರಿಯ ಅರ್ಥವನ್ನು ಹೊತ್ತಿರುವುದು ಹಾಡಿನ ಸಾಹಿತ್ಯ ಮಾತ್ರ ಅಲ್ಲ. ಯಾವ ಇನ್‌ಪುಟ್ ಬಂದರೆ ಯಾವ ಔಟ್‌ಪುಟ್ ಹೋಗಬೇಕು ಅನ್ನುವ ಸರ್ಕ್ಯೂಟಿನ ತೀರ್ಮಾನಕ್ಕೂ ಅದರಲ್ಲಿ ಪಾಲಿದೆ. ಅದು ಹೇಗೆ ಅಂತ ಒಂದೊಂದೇ ಹೆಜ್ಜೆ ನೋಡೋಣ.

ಮೊದಲು ಕಾದಂಬರಿ

ಕಥಾನಾಯಕನ ಹೆಸರು ಹಾರ್ಸ್‌ಲವರ್ ಫ್ಯಾಟ್. ವಿಚಿತ್ರ ಹೆಸರು, ಅಲ್ವಾ? ಫಿಲಿಪ್ ಅಂದರೆ ಗ್ರೀಕಿನಲ್ಲಿ ಕುದುರೆಗಳನ್ನು ಪ್ರೀತಿಸುವವನು. ಡಿಕ್ ಅಂದರೆ ಜರ್ಮನ್ ಭಾಷೆಯಲ್ಲಿ ದಪ್ಪ. ಎರಡನ್ನೂ ಇಂಗ್ಲಿಷಿಗೆ ತಿರುಗಿಸಿದರೆ ಹಾರ್ಸ್‌ಲವರ್ ಫ್ಯಾಟ್. ಅಂದರೆ ಲೇಖಕ ತನ್ನ ಹೆಸರನ್ನೇ ಅನುವಾದ ಮಾಡಿ ಪಾತ್ರಕ್ಕೆ ಇಟ್ಟಿದ್ದಾನೆ. ಕಥೆ ಹೇಳುವ ನಿರೂಪಕನ ಹೆಸರೂ ಫಿಲ್. ಫ್ಯಾಟ್ ತಾನೇ, ದೂರ ನಿಂತು ನೋಡಬೇಕೆಂದು ಬೇರೆಯವನ ಥರ ಬರೆಯುತ್ತಿದ್ದೇನೆ ಅಂತ ಅವನು ಶುರುವಿನಲ್ಲೇ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡ ಮೇಲೂ ಫಿಲ್ ಮತ್ತು ಫ್ಯಾಟ್ ಇಬ್ಬರು ಬೇರೆ ಬೇರೆ ಗೆಳೆಯರ ಹಾಗೆ ಒಂದೇ ಕೋಣೆಯಲ್ಲಿ ಕೂತು ಮಾತಾಡುತ್ತಾರೆ, ಜಗಳ ಆಡುತ್ತಾರೆ.

ಕಥೆ ಶುರುವಾಗುವುದು ಒಂದು ಫೋನ್ ಕರೆಯಿಂದ. ಗ್ಲೋರಿಯಾ ಅನ್ನುವ ಸ್ನೇಹಿತೆ ಫ್ಯಾಟ್‌ಗೆ ಕರೆ ಮಾಡಿ ಮಾತ್ರೆ ಕೇಳುತ್ತಾಳೆ. ಯಾಕೆ ಕೇಳುತ್ತಿದ್ದಾಳೆ ಅಂತ ಅವನಿಗೆ ಗೊತ್ತಾಗುತ್ತದೆ. ಮಾತಾಡಿಸಿ, ಮನೆಗೆ ಕರೆಸಿ, ಉಳಿಸಿಕೊಳ್ಳಲು ನೋಡುತ್ತಾನೆ. ಉಳಿಸಿಕೊಳ್ಳಲು ಆಗುವುದಿಲ್ಲ. ಅಲ್ಲಿಂದ ಅವನ ಮನಸ್ಸು ಬಿರುಕು ಬಿಡುತ್ತಾ ಹೋಗುತ್ತದೆ.

ಆಮೇಲೆ ಬರುವುದು ಗುಲಾಬಿ ಬೆಳಕು. ಒಂದು ದಿನ ಗುಲಾಬಿ ಬಣ್ಣದ ಕಿರಣವೊಂದು ತನ್ನ ತಲೆಯೊಳಕ್ಕೆ ಮಾಹಿತಿ ಸುರಿಯಿತು ಅಂತ ಫ್ಯಾಟ್ ಹೇಳುತ್ತಾನೆ. ಆ ಮಾಹಿತಿಯಲ್ಲಿ ಒಂದು, ಅವನ ಪುಟ್ಟ ಮಗನಿಗೆ ಯಾರೂ ಕಂಡುಹಿಡಿಯದ ಹರ್ನಿಯಾ ಇದೆ ಅನ್ನುವುದು. ಡಾಕ್ಟರ್ ನೋಡಿದರೆ ನಿಜ! ಇದು ಬರೀ ಕಟ್ಟುಕಥೆಯೂ ಅಲ್ಲ. 1974ರ ಫೆಬ್ರವರಿ-ಮಾರ್ಚ್‌ನಲ್ಲಿ ತನಗೇ ಇಂಥ ಅನುಭವಗಳಾದವು, ಮಗನ ವಿಷಯ ಹೀಗೇ ತಿಳಿಯಿತು ಅಂತ ಡಿಕ್ ಹೇಳಿಕೊಂಡಿದ್ದ. ಏನಾಯಿತು ಅಂತ ಅರ್ಥಮಾಡಿಕೊಳ್ಳಲು ಮುಂದಿನ ಎಂಟು ವರ್ಷ ಸಾವಿರಾರು ಪುಟ ಟಿಪ್ಪಣಿ ಬರೆದ. 1982ರ ಮಾರ್ಚ್‌ನಲ್ಲಿ ತೀರಿಕೊಂಡ. ಅವನ ಇನ್ನೊಂದು ಕಾದಂಬರಿ ಆಧರಿಸಿದ 'ಬ್ಲೇಡ್ ರನ್ನರ್' ಸಿನಿಮಾ ಬಿಡುಗಡೆಯಾದದ್ದು ಅವನು ಹೋಗಿ ಮೂರು ತಿಂಗಳಾದ ಮೇಲೆ.

ಹಾಗಾದರೆ ಆ ಕಿರಣ ಏನು? ದೇವರಾ? ಭೂಮಿಯ ಸುತ್ತ ತಿರುಗುತ್ತಿರುವ ಯಾವುದೋ ಹಳೆಯ ಉಪಗ್ರಹವಾ? ಅಥವಾ ದುಃಖ, ಮಾದಕ ವಸ್ತು, ನಿದ್ದೆಗೇಡು ಸೇರಿ ಮಿದುಳು ಆಡಿದ ಆಟವಾ? ಪುಸ್ತಕ ಉತ್ತರ ಕೊಡುವುದಿಲ್ಲ. ಫ್ಯಾಟ್ ದಿನಕ್ಕೊಂದು ಸಿದ್ಧಾಂತ ಕಟ್ಟುತ್ತಾನೆ, ಗೆಳೆಯರು ಅದನ್ನು ಒಡೆಯುತ್ತಾರೆ. ಕೆವಿನ್ ಅನ್ನುವ ಗೆಳೆಯನದ್ದು ಒಂದೇ ಹಟ. ಕಡೆಯ ತೀರ್ಪಿನ ದಿನ ದೇವರ ಮುಂದೆ ನಿಂತಾಗ ಕೋಟಿನೊಳಗಿಂದ ತನ್ನ ಸತ್ತ ಬೆಕ್ಕನ್ನು ಎಳೆದು ತೆಗೆದು, "ಇದಕ್ಕೇನು ಹೇಳ್ತೀಯಪ್ಪಾ?" ಅಂತ ಕೇಳಬೇಕು. ಓದುವಾಗ ನಗು ಬರುತ್ತದೆ. ಮರುಕ್ಷಣ ಹೊಟ್ಟೆಯೊಳಗೆ ಏನೋ ಚುಚ್ಚುತ್ತದೆ. ಲೋಕದಲ್ಲಿ ನೋವು ಯಾಕಿದೆ ಅನ್ನುವ, ತತ್ವಶಾಸ್ತ್ರದ ಅತಿ ಹಳೆಯ ಪ್ರಶ್ನೆಯನ್ನು ಸೆಟೆದುಕೊಂಡ ಬೆಕ್ಕಿನ ಹೆಣದ ಮೂಲಕ ಕೇಳುವುದಿದೆಯಲ್ಲ, ವಿಕಟ ಅಂದರೆ ಅದು.

ರಂಗದ ಮೇಲೆ ಬಂದ ತೊಂದರೆ

ಈಗ ಇದನ್ನು ರಂಗಕ್ಕೆ ತರಬೇಕು ಅಂತ ಇಟ್ಟುಕೊಳ್ಳಿ. ಮೊದಲ ಕೆಲಸವೇನು? ಗುಲಾಬಿ ಲೈಟ್ ಹಾಕೋದು, ಅಷ್ಟೇ ತಾನೆ? ಅಲ್ಲೇ ಕಾದಂಬರಿ ಕೈಜಾರಿತು.

ಯಾಕೆಂದರೆ ಪುಸ್ತಕದಲ್ಲಿ "ಗುಲಾಬಿ ಬೆಳಕು ಬಂತು" ಅಂತ ಫ್ಯಾಟ್ ಹೇಳಿದ ಅಂತ ಮಾತ್ರ ಇರುತ್ತದೆ. ಓದುಗ ನಂಬಬಹುದು, ಬಿಡಬಹುದು, ಎರಡರ ನಡುವೆ ತೂಗಾಡಬಹುದು. ವಾಕ್ಯ ಏನನ್ನೂ ತೋರಿಸುವುದಿಲ್ಲ, ಹೇಳುತ್ತದೆ ಅಷ್ಟೇ. ರಂಗದ ಮೇಲೆ ಸ್ಪಾಟ್‌ಲೈಟ್ ಹೊತ್ತಿದ ತಕ್ಷಣ ಮುನ್ನೂರು ಜನ ಪ್ರೇಕ್ಷಕರು ಅದನ್ನು ಕಣ್ಣಾರೆ ಕಂಡುಬಿಡುತ್ತಾರೆ. ಕಂಡದ್ದನ್ನು ಇಲ್ಲ ಅನ್ನೋದು ಹೇಗೆ? ಫ್ಯಾಟ್ ಹೇಳಿದ್ದು ನಿಜ ಅಂತ ನಿರ್ದೇಶಕನೇ ತೀರ್ಪು ಕೊಟ್ಟ ಹಾಗಾಯಿತು. ಬೆಳಕು ತೋರಿಸದೆ, ಪಾತ್ರಧಾರಿ ಮಾತ್ರ ಖಾಲಿ ಗಾಳಿ ನೋಡಿ ಬೆಚ್ಚಿದರೆ? ಆಗ ಅವನಿಗೆ ಹುಚ್ಚು ಅಂತ ತೀರ್ಪು. ಎರಡರಲ್ಲೂ ಪುಸ್ತಕದ ಪ್ರಾಣವಾದ ಅನುಮಾನ ಹೊರಟುಹೋಯಿತು.

ಫಿಲ್ ಮತ್ತು ಫ್ಯಾಟ್ ವಿಷಯವೂ ಹೀಗೇ. ಇಬ್ಬರು ನಟರನ್ನು ಹಾಕಿದರೆ ಅವರು ಇಬ್ಬರೇ ಆಗಿಬಿಡುತ್ತಾರೆ. ಒಬ್ಬನನ್ನೇ ಹಾಕಿದರೆ ಶುರುವಿನಿಂದಲೇ ಒಬ್ಬ. ಪುಸ್ತಕದಲ್ಲಾದರೆ ಅವರು ಒಂದು ಪುಟದಲ್ಲಿ ಒಬ್ಬ, ಇನ್ನೊಂದು ಪುಟದಲ್ಲಿ ಇಬ್ಬರು. ಕಣ್ಣಿಗೆ ಈ ಸವಲತ್ತು ಇಲ್ಲ.

ಕಿವಿಗೆ ಇದೆ. ಒಪೆರಾ ಉಪಯೋಗಕ್ಕೆ ಬರುವುದು ಇಲ್ಲೇ.

ಒಪೆರಾ ಅಂದರೆ ಕಥೆ ಪೂರ್ತಿ, ಅಥವಾ ಬಹುಪಾಲು, ಹಾಡಿನಲ್ಲೇ ನಡೆಯುವ ನಾಟಕ. ನಮ್ಮಲ್ಲಿ ಪು.ತಿ.ನ. ಅವರ 'ಗೋಕುಲ ನಿರ್ಗಮನ'ದಂಥ ಗೀತನಾಟಕ ನೋಡಿದವರಿಗೆ ಈ ಕಲ್ಪನೆ ತೀರಾ ಹೊಸದಲ್ಲ. ಹಾಡಿಗೆ ಒಂದು ವಿಶೇಷ ಹಕ್ಕಿದೆ: ಅದು ಏಕಕಾಲಕ್ಕೆ ಎರಡು ಮಾತು ಹೇಳಬಲ್ಲದು. ಬಾಯಿ "ನಾನು ಚೆನ್ನಾಗಿದ್ದೀನಿ" ಅನ್ನುತ್ತಿರುವಾಗ ಹಿಂದಿನ ವಾದ್ಯ "ಇಲ್ಲ" ಅನ್ನಬಹುದು. ಕೇಳುವವನು ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತಾನೆ, ಗೊಂದಲ ಆಗುವುದಿಲ್ಲ. ಇನ್ನು ಆ ವಾದ್ಯ ಎಲೆಕ್ಟ್ರಾನಿಕ್ ಆದರೆ ಮತ್ತೊಂದು ಅನುಕೂಲ. ಪಿಟೀಲಿನ ದನಿ ಕೇಳಿದರೆ ಅಲ್ಲೆಲ್ಲೋ ಒಬ್ಬ ಕಮಾನು ಎಳೆಯುತ್ತಿದ್ದಾನೆ ಅಂತ ಗೊತ್ತು. ಸ್ಪೀಕರಿನಿಂದ ಬಂದ ಧ್ವನಿಗೆ ಮೂಲ ಯಾವುದು? ಗಾಯಕನದಾ, ವಾದಕನದಾ, ಮೊದಲೇ ಸಿದ್ಧಮಾಡಿಟ್ಟದ್ದಾ, ಯಂತ್ರ ಈಗ ಹುಟ್ಟಿಸಿದ್ದಾ? ಫ್ಯಾಟ್‌ನ ಪ್ರಶ್ನೆಯೂ ಅದೇ ತಾನೆ: ತಲೆಯೊಳಗೆ ಕೇಳುತ್ತಿರುವ ಈ ಮಾತು ನನ್ನದಾ, ಹೊರಗಿನಿಂದ ಬಂದದ್ದಾ?

ಇನ್ನೊಂದು ಸಂಗತಿಯೂ ಕೂಡಿಬಂತು. ಕಾದಂಬರಿಯ ಒಳಗೇ ಒಬ್ಬ ಎಲೆಕ್ಟ್ರಾನಿಕ್ ಸಂಗೀತಗಾರ ಇದ್ದಾನೆ, ಬ್ರೆಂಟ್ ಮಿನಿ ಅಂತ. ಬ್ರಿಟಿಷ್ ಸಂಗೀತಗಾರ ಬ್ರಯಾನ್ ಈನೋನನ್ನು ನೆನಪಿಸುವ ಪಾತ್ರ. ಗೆಳೆಯರೆಲ್ಲ ಸೇರಿ ಒಂದು ಸಿನಿಮಾ ನೋಡುತ್ತಾರೆ, ಅದರ ಸಂಗೀತ ಮಿನಿಯದ್ದು, ಅದರಲ್ಲಿ ಫ್ಯಾಟ್‌ಗಾದ ಅನುಭವದ ಗುರುತುಗಳೇ ಕಾಣುತ್ತವೆ. ಹಾಗಾಗಿ ಈ ಕಥೆಗೆ ಎಲೆಕ್ಟ್ರಾನಿಕ್ ಸಂಗೀತ ಹೊರಗಿನಿಂದ ಅಂಟಿಸಿದ ಅಲಂಕಾರ ಅಲ್ಲ.

ಮಾಕೋವರ್ ಕೈಗೆ ಬಂದದ್ದು

ಟಾಡ್ ಮಾಕೋವರ್ ಹುಟ್ಟಿದ್ದು 1953ರಲ್ಲಿ. ತಾಯಿ ಪಿಯಾನೋ ವಾದಕಿ, ತಂದೆ ಕಂಪ್ಯೂಟರ್ ಗ್ರಾಫಿಕ್ಸ್ ಕ್ಷೇತ್ರದ ಮೊದಲ ತಲೆಮಾರಿನವರು. ಅಂದರೆ ಮನೆಯಲ್ಲೇ ಎರಡೂ ಬ್ರಾಂಚ್! ಜೂಲಿಯಾರ್ಡ್‌ನಲ್ಲಿ ಓದಿ, 1978ರಲ್ಲಿ ಪ್ಯಾರಿಸ್ಸಿನ ಇರ್ಕಾಮ್ ಸೇರಿದ. ಇರ್ಕಾಮ್ ಅಂದರೆ ಪಿಯೆರ್ ಬುಲೆಜ್ ಕಟ್ಟಿದ, ಸಂಗೀತ ಮತ್ತು ಧ್ವನಿವಿಜ್ಞಾನದ ಸಂಶೋಧನಾ ಸಂಸ್ಥೆ. ಪಾಂಪಿದೂ ಸೆಂಟರ್‌ನ ಸಹಸಂಸ್ಥೆ. ಪಾಂಪಿದೂ ಸೆಂಟರ್ 1977ರಲ್ಲಿ ಬಾಗಿಲು ತೆರೆದಿತ್ತು. ಹತ್ತು ವರ್ಷ ತುಂಬಿದ ಸಂದರ್ಭಕ್ಕೆ ಒಂದು ಕೃತಿ ಬೇಕು ಅಂತ ಮಾಕೋವರ್‌ನನ್ನು ಕೇಳಿದರು. ಅಷ್ಟರಲ್ಲಿ ಅವನು, 1985ರಲ್ಲಿ, ಹೊಸದಾಗಿ ಶುರುವಾಗಿದ್ದ ಎಂಐಟಿ ಮೀಡಿಯಾ ಲ್ಯಾಬ್‌ಗೆ ಹೊರಟುಹೋಗಿದ್ದ. ಹೀಗೆ ಒಪೆರಾ ಪ್ಯಾರಿಸ್ಸಿಗೆ, ಅದರ ವಾದ್ಯಗಳ ಕೆಲಸ ಬಾಸ್ಟನ್ ಪಕ್ಕದ ಲ್ಯಾಬಿನಲ್ಲಿ. ರಂಗದ ದೃಶ್ಯವಿನ್ಯಾಸಕ್ಕೆ ಕೈಜೋಡಿಸಿದವಳು ಫ್ರಾನ್ಸಿನ ವಿಡಿಯೋ ಕಲಾವಿದೆ ಕ್ಯಾಥರೀನ್ ಇಕಾಮ್.

ಮಾಕೋವರ್‌ಗೆ ಎರಡು ದಾರಿ ಇದ್ದವು. ಒಂದು, ಎಲ್ಲವನ್ನೂ ಸ್ಟುಡಿಯೋದಲ್ಲಿ ಟೇಪ್ ಮಾಡಿ, ರಂಗದಲ್ಲಿ ಪ್ಲೇ ಒತ್ತಿಬಿಡುವುದು. ಸುಲಭ, ತಪ್ಪಾಗುವ ಭಯವಿಲ್ಲ. ಆದರೆ ಟೇಪು ಯಾರಿಗೂ ಕಾಯುವುದಿಲ್ಲ. ಗಾಯಕ ಒಂದು ಪದವನ್ನು ಆ ರಾತ್ರಿ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಬೇಕೆಂದರೆ ಆಗದು. ಇನ್ನೊಂದು ದಾರಿ, ವಾದಕರ ಕೈಗೇ ಕಂಪ್ಯೂಟರ್ ಕೊಡುವುದು. ಅವನು ಎರಡನೆಯದಕ್ಕೆ ಹೆಚ್ಚು ಒತ್ತು ಕೊಟ್ಟ. ಸಿದ್ಧಧ್ವನಿಯೂ ಇದೆ, ಆದರೆ ಕೆಲಸದ ಭಾರ ಇಬ್ಬರು ವಾದಕರ ಮೇಲೆ. ಅದಕ್ಕಾಗಿ ಹುಟ್ಟಿದ್ದೇ ಹೈಪರ್‌ಇನ್‌ಸ್ಟ್ರುಮೆಂಟ್. ಅತಿವಾದ್ಯ ಅನ್ನೋಣ.

ಅತಿವಾದ್ಯ ಒಳಗೆ ಹೇಗೆ?

ಇಲ್ಲಿ ಇಸಿಇ, ಸಿಎಸ್ ಮಿತ್ರರು ಸ್ವಲ್ಪ ನೆಟ್ಟಗೆ ಕೂರಬಹುದು.

1983ರಲ್ಲಿ ಬೇರೆ ಬೇರೆ ಕಂಪನಿಯ ಎಲೆಕ್ಟ್ರಾನಿಕ್ ವಾದ್ಯಗಳು ಪರಸ್ಪರ ಮಾತಾಡಲು ಒಂದು ಮಾನದಂಡ ಬಂತು. ಅದರ ಹೆಸರು ಮಿಡಿ. ಅದರ ಗುಟ್ಟು ಏನೆಂದರೆ, ಮಿಡಿ ತಂತಿಯಲ್ಲಿ ಧ್ವನಿ ಹರಿಯುವುದೇ ಇಲ್ಲ. ಹರಿಯುವುದು ಸುದ್ದಿ ಮಾತ್ರ: ಯಾವ ಕೀಲಿ ಒತ್ತಿದರು, ಎಷ್ಟು ರಭಸದಿಂದ ಒತ್ತಿದರು, ಯಾವಾಗ ಬಿಟ್ಟರು. ಪ್ರತಿಯೊಂದಕ್ಕೂ 0ರಿಂದ 127ರವರೆಗೆ ಒಂದು ಸಂಖ್ಯೆ. ಸೆಕೆಂಡಿಗೆ 31,250 ಬಿಟ್ ವೇಗ. ಒಂದು ಸ್ವರ ಶುರುವಾಯಿತು ಅನ್ನಲು ಮೂರು ಬೈಟ್ ಬೇಕು. ಒಂದೊಂದು ಬೈಟಿಗೂ ಮುಂದೊಂದು ಹಿಂದೊಂದು ಬಿಟ್ ಸೇರಿ ಒಟ್ಟು 30 ಬಿಟ್. ಭಾಗಿಸಿ ನೋಡಿ, ಸುಮಾರು 1 ಮಿಲಿಸೆಕೆಂಡ್. ಕಿವಿಗೆ ಗೊತ್ತೇ ಆಗದ ಹೊತ್ತು.

ಮಾಮೂಲಿ ಸಿಂಥಸೈಜರ್‌ನಲ್ಲಿ ಈ ಸುದ್ದಿ ನೇರವಾಗಿ ಧ್ವನಿ ಹುಟ್ಟಿಸುವ ಚಿಪ್‌ಗೆ ಹೋಗುತ್ತದೆ. ಅತಿವಾದ್ಯದಲ್ಲಿ ನಡುವೆ ಒಂದು ಕಂಪ್ಯೂಟರ್ ಕೂರುತ್ತದೆ. ವಾದಕ ಒಂದು ಸ್ವರ ನುಡಿಸಿದ ಅಂತ ಸುದ್ದಿ ಬಂದಾಗ ಅದು ಸುಮ್ಮನೆ ದಾಟಿಸುವುದಿಲ್ಲ. ಈ ಹೊತ್ತಿನಲ್ಲಿ ಕಥೆಯ ಯಾವ ದೃಶ್ಯದಲ್ಲಿದ್ದೇವೆ, ಈ ವಾದಕ ಹಿಂದಿನ ಎರಡು ಸೆಕೆಂಡಿನಲ್ಲಿ ಏನು ಮಾಡಿದ, ಪಕ್ಕದ ವಾದಕ ಏನು ಮಾಡುತ್ತಿದ್ದಾನೆ ಅಂತೆಲ್ಲ ನೋಡಿ ಆಮೇಲೆ ಏನನ್ನು ಮೊಳಗಿಸಬೇಕು ಅಂತ ತೀರ್ಮಾನಿಸಬಲ್ಲದು. 1987ರಲ್ಲಿ ಇದಕ್ಕೆ ಬಳಸಿದ್ದು ಮ್ಯಾಕಿಂಟೋಷ್ ಕಂಪ್ಯೂಟರ್, ತಂತ್ರಾಂಶ ಬರೆದದ್ದು ಲಿಸ್ಪ್ ಭಾಷೆಯಲ್ಲಿ. ಇವತ್ತು ನಮ್ಮ ಜೇಬಿನಲ್ಲಿರುವ ಫೋನಿನ ಮುಂದೆ ಆ ಯಂತ್ರ ಏನೇನೂ ಅಲ್ಲ.

ಇನ್‌ಪುಟ್‌ಗೂ ಔಟ್‌ಪುಟ್‌ಗೂ ನಡುವಿನ ಈ ನಿಯಮಕ್ಕೆ ಮ್ಯಾಪಿಂಗ್ ಅಂತಾರೆ. ಗಣಿತದಲ್ಲಿ ಫಂಕ್ಷನ್ ಅಂತ ಓದಿದೆವಲ್ಲ, ಅದೇ. ತಮಾಷೆ ಏನೆಂದರೆ ವಾದ್ಯದ ಸ್ವಭಾವ ಪೂರ್ತಿ ಅಡಗಿರುವುದು ಇಲ್ಲೇ. ಅರ್ಥವಾಗಲಿ ಅಂತ ನಾವೇ ಮೂರು ಮ್ಯಾಪಿಂಗ್ ಕಟ್ಟೋಣ. ಇವು ಒಪೆರಾದ ಪ್ರೋಗ್ರಾಂನಿಂದ ತೆಗೆದವಲ್ಲ, ತತ್ವ ತೋರಿಸುವ ಉದಾಹರಣೆಗಳು.

ಮೊದಲನೆಯದು: ಒಂದು ಕೀಲಿ ಒತ್ತಿದರೆ ಒಂದೇ ಸ್ವರ. ಪಿಯಾನೋ. ವಾದಕ ಮಾಡಿದ್ದು ಅಷ್ಟೂ ಕೇಳುತ್ತದೆ, ಮಾಡದ್ದು ಏನೂ ಕೇಳುವುದಿಲ್ಲ.

ಎರಡನೆಯದು: ಒಂದು ಕೀಲಿ ಒತ್ತಿದರೆ ಮೊದಲೇ ಸಿದ್ಧಪಡಿಸಿದ ಮೂವತ್ತು ಸೆಕೆಂಡಿನ ಧ್ವನಿಪ್ರವಾಹ. ಇದು ಕರೆಗಂಟೆ. ವಾದಕ ಬದಲು ಅವನ ತಮ್ಮ ಬಂದು ಒತ್ತಿದರೂ ಅದೇ ಕೇಳುತ್ತದೆ.

ಮೂರನೆಯದು: ನಾಲ್ಕು ಕೀಲಿ ಒಟ್ಟಿಗೆ ಹಿಡಿದರೆ ಆ ನಾಲ್ಕು ಸ್ವರಗಳು ಒಂದರ ಹಿಂದೊಂದು ಓಡತೊಡಗುತ್ತವೆ. ಎಷ್ಟು ರಭಸದಿಂದ ಒತ್ತಿದ ಅನ್ನುವುದರ ಮೇಲೆ ಓಟದ ವೇಗ. ಪಕ್ಕದ ತಾಳವಾದ್ಯದವನು ಹೊಡೆದಾಗಲೆಲ್ಲ ಆ ಸ್ವರಗಳ ನಾದದ ಬಣ್ಣ ಬದಲಾಗುತ್ತದೆ. ಈಗ ನೋಡಿ, ಸೆಕೆಂಡಿಗೆ ಇಪ್ಪತ್ತು ಸ್ವರ ಹಾರುತ್ತಿವೆ, ಯಾವ ಮನುಷ್ಯನ ಬೆರಳಿಗೂ ಕಷ್ಟ. ಹಾಗಂತ ಯಂತ್ರ ತಾನೇ ನುಡಿಸುತ್ತಿದೆ ಅನ್ನಲೂ ಆಗದು, ವಾದಕ ಕೈ ತೆಗೆದರೆ ನಿಂತುಹೋಗುತ್ತದೆ. ಇದರಲ್ಲಿ ಎಷ್ಟು ಅವನದು, ಎಷ್ಟು ಅದರದು? ಹೇಳೋದು ಕಷ್ಟ.

ಈ ಮೂರನೆಯದು ಅತಿವಾದ್ಯದ ಜಾತಿ. ಅದರ ಬುಡದಲ್ಲೇ ಫ್ಯಾಟ್‌ನ ಪ್ರಶ್ನೆ ಇದೆ, ಗಮನಿಸಿದಿರಾ? ಒಬ್ಬ ಮನುಷ್ಯ ಒಂದು ಸಣ್ಣ ಕೆಲಸ ಮಾಡುತ್ತಾನೆ, ಅವನಿಗಿಂತ ದೊಡ್ಡದೇನೋ ಉತ್ತರ ಕೊಡುತ್ತದೆ. ಆ ದೊಡ್ಡದು ಅವನೊಳಗಿನಿಂದ ಬಂದದ್ದಾ, ಹೊರಗಿನಿಂದಲಾ? ಕಾದಂಬರಿ ಇದನ್ನು ನೂರಾರು ಪುಟದ ವಾದದಲ್ಲಿ ಕೇಳುತ್ತದೆ. ಒಪೆರಾದಲ್ಲಿ ಪ್ರೇಕ್ಷಕ ಅದನ್ನು ವಾದವಿಲ್ಲದೆ, ಕಣ್ಣೆದುರು ಕೀಬೋರ್ಡ್ ಮೇಲೆ ಇಳಿಯುವ ಕೈಯನ್ನೂ ಸ್ಪೀಕರಿನಿಂದ ಬರುವ ಧ್ವನಿಯನ್ನೂ ತಾಳೆ ಹಾಕುತ್ತಾ ತಾನೇ ಕೇಳಿಕೊಳ್ಳಬಹುದು. ಅದಕ್ಕೇ ಮ್ಯಾಪಿಂಗ್ ಅನ್ನುವುದು ಇಲ್ಲಿ ತಾಂತ್ರಿಕ ವಿವರ ಅಲ್ಲ. ಕಾದಂಬರಿಯನ್ನು ಸಂಯೋಜಕ ಹೇಗೆ ಓದಿದ ಅನ್ನುವುದು ಅದರಲ್ಲೇ ಬರೆದಿರುತ್ತದೆ. ಮೊದಲನೆಯ ಮ್ಯಾಪಿಂಗ್ ಇಟ್ಟಿದ್ದರೆ "ಎಲ್ಲ ಅವನ ತಲೆಯೊಳಗಿನದೇ" ಅಂತಾಗುತ್ತಿತ್ತು. ಎರಡನೆಯದಾದರೆ "ಎಲ್ಲ ಹೊರಗಿನದೇ" ಅಂತ. ಮೂರನೆಯದು ತೀರ್ಪು ಕೊಡದೆ ಬಿಡುತ್ತದೆ.

ಫಿಲ್-ಫ್ಯಾಟ್ ಜೋಡಿಗೂ ಸಂಗೀತದಲ್ಲೇ ದಾರಿ ಸಿಕ್ಕಿತು. ಒಪೆರಾದಲ್ಲಿ ಎರಡೂ ಪಾತ್ರ ಒಬ್ಬನೇ ಗಾಯಕನದ್ದು. ದೇಹ ಒಂದು, ಮಾತಿನಿಂದ ಹಾಡಿಗೆ, ಹಾಡಿನಿಂದ ಮಾತಿಗೆ ಜಾರುವಾಗ ಒಳಗಿರುವವನು ಯಾರು ಅಂತ ನಾವು ಕಿವಿಯಿಂದ ಪತ್ತೆಹಚ್ಚುತ್ತಿರಬೇಕು. ಕಾದಂಬರಿಯ ಎರಡನೇ ಭಾಗದಲ್ಲಿ ಸೋಫಿಯಾ ಅನ್ನುವ ಎರಡು ವರ್ಷದ ಮಗು ಬರುತ್ತದೆ. ದೈವವೇ ಮಗುವಾಗಿ ಬಂದಿದೆ ಅಂತ ಅಲ್ಲಿನವರ ನಂಬಿಕೆ. ಫ್ಯಾಟ್ ನೀನೇ ಅಂತ ಅವಳು ಫಿಲ್‌ಗೆ ಹೇಳಿದ ಕ್ಷಣ ಫ್ಯಾಟ್ ಮಾಯ. ಮನುಷ್ಯ ಒಂದಾದ. ಆಮೇಲೆ ಮಿನಿ ಲೇಸರ್ ಬಳಸಿ ಅವಳಿಂದ ಇನ್ನಷ್ಟು ಮಾಹಿತಿ ತೆಗೆಯಲು ಹೋಗಿ ಮಗು ಸತ್ತುಹೋಗುತ್ತದೆ. ಸುದ್ದಿ ಬಂದಮೇಲೆ ಫ್ಯಾಟ್ ವಾಪಸ್. ತಂತ್ರಜ್ಞಾನ ಓದುವ ನಮಗೆ ಈ ಘಟನೆ ಕಹಿಯಾದದ್ದು: ಕೈಯಲ್ಲಿದ್ದ ಜೀವಕ್ಕಿಂತ ಅದರೊಳಗಿನ ಡೇಟಾ ಮುಖ್ಯ ಅನ್ನಿಸಿದಾಗ ಏನಾಗುತ್ತದೆ ಅಂತ ಡಿಕ್ 1981ರಲ್ಲೇ ಬರೆದಿಟ್ಟಿದ್ದ.

ಏನು ಬಿಟ್ಟುಹೋಯಿತು?

ಒಪೆರಾ ಸುಮಾರು ಒಂದೂಕಾಲು ಗಂಟೆಯದು. ಹಾಡಿನಲ್ಲಿ ಒಂದು ವಾಕ್ಯ ಮುಗಿಸಲು ಮಾತಿನ ಮೂರು ನಾಲ್ಕು ಪಟ್ಟು ಹೊತ್ತು ಬೇಕು. ಹಾಗಾಗಿ ಕಾದಂಬರಿಯ ಬಹುಪಾಲು ಬಿಡಲೇಬೇಕು. ಇಂಥ ಅಳವಡಿಕೆಯಲ್ಲಿ ಮೊದಲು ಹೋಗುವುದು ವಾದ. ಗೆಳೆಯರ ಹರಟೆ, ಗ್ರೀಕ್ ದಾರ್ಶನಿಕರ ಹೆಸರುಗಳು, ಪುಸ್ತಕದ ಕೊನೆಗೆ ಅನುಬಂಧವಾಗಿ ಸೇರಿಸಿದ ಫ್ಯಾಟ್‌ನ ಸಿದ್ಧಾಂತದ ಸೂತ್ರಗಳು, ಇವೆಲ್ಲ ಓದಲು ಚೆನ್ನ. ಹಾಡಲು ಹೋದರೆ ಪ್ರೇಕ್ಷಕ ಗಡಿಯಾರ ನೋಡುತ್ತಾನೆ.

ಎರಡನೆಯದಾಗಿ ಅಪಾಯಕ್ಕೆ ಸಿಗುವುದು ನಗು. ಹಾಸ್ಯಕ್ಕೆ ಟೈಮಿಂಗ್ ಬೇಕು, ಸಂಗೀತಕ್ಕೆ ಅದರದ್ದೇ ಕಾಲ. ಕೆವಿನ್‌ನ ಬೆಕ್ಕಿನ ಮಾತನ್ನು ಒಬ್ಬ ಎಂಟು ಮಾತ್ರೆ ಎಳೆದು ಹಾಡಿದರೆ ಅದು ಶೋಕಗೀತೆ ಆಗುತ್ತದೆಯೇ ಹೊರತು ಜೋಕ್ ಆಗುವುದಿಲ್ಲ. ವಿಕಟ ಕೃತಿಗಳನ್ನು ಸಂಗೀತಕ್ಕೆ ತರುವವರೆಲ್ಲ ಎದುರಿಸುವ ಕಷ್ಟ ಇದು. ನಗು ಹೋಗಿ ಬರೀ ಭಯಂಕರ ಉಳಿದರೆ ವಿಕಟ ಹೋಗಿ ಗೋಳು ಉಳಿಯಿತು ಅಂತಲೇ ಅರ್ಥ. ಅದಕ್ಕೆ ಹಾಡಿನ ನಡುವೆ ಒಣ ಮಾತನ್ನು ಬಿಡುವುದು ಒಂದು ಉಪಾಯ. ಮಾತು ನಗಿಸಲಿ, ಹಾಡು ಬೆಚ್ಚಿಸಲಿ ಅಂತ.

ಉಳಿಯಲೇಬೇಕಾದದ್ದು ಗ್ಲೋರಿಯಾ. ಅವಳನ್ನು ತೆಗೆದರೆ ಉಳಿದದ್ದೆಲ್ಲ ಉಪಗ್ರಹ, ಲೇಸರ್, ದೇವರು ಅಂತ ವೈಜ್ಞಾನಿಕ ಕಟ್ಟುಕಥೆ ಆಗಿಬಿಡುತ್ತದೆ. ಒಬ್ಬಳನ್ನು ಉಳಿಸಲಾಗಲಿಲ್ಲವಲ್ಲ ಅನ್ನುವ ಸಂಕಟದಿಂದಲೇ ಫ್ಯಾಟ್ ಇಡೀ ಬ್ರಹ್ಮಾಂಡಕ್ಕೆ ಕಾರಣ ಹುಡುಕಲು ಹೊರಟಿದ್ದು. ಮಾಕೋವರ್ ಅವಳನ್ನು ಬಿಡಲಿಲ್ಲ.

ಆ ಒಪೆರಾದಿಂದ ಮುಂದೆ

ವಾಲಿಸ್‌ಗಾಗಿ ಶುರುವಾದ ಅತಿವಾದ್ಯದ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 1991ರಲ್ಲಿ ಯೋ-ಯೋ ಮಾ ಅಂಥ ದೊಡ್ಡ ಚೆಲ್ಲೋ ವಾದಕನಿಗಾಗಿ ಹೈಪರ್‌ಚೆಲ್ಲೋ ತಯಾರಾಯಿತು. ಕಮಾನಿನ ಚಲನೆ, ಮಣಿಕಟ್ಟಿನ ಬಾಗು ಎಲ್ಲಕ್ಕೂ ಸೆನ್ಸರ್. 1996ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ 'ಬ್ರೇನ್ ಒಪೆರಾ' ಬಂತು, ಅದರಲ್ಲಿ ಸಂಗೀತ ಕಲಿಯದ ಪ್ರೇಕ್ಷಕರೇ ವಾದ್ಯ ಮುಟ್ಟಿ ಸಂಗೀತಕ್ಕೆ ಪಾಲು ಕೊಟ್ಟರು. ಅದೇ ಲ್ಯಾಬಿನ ವಿದ್ಯಾರ್ಥಿಗಳಾಗಿದ್ದ ಅಲೆಕ್ಸ್ ರಿಗೋಪುಲೋಸ್ ಮತ್ತು ಎರಾನ್ ಎಗೋಝಿ 1995ರಲ್ಲಿ ಹಾರ್ಮೋನಿಕ್ಸ್ ಕಂಪನಿ ಕಟ್ಟಿದರು. ಅವರ 'ಗಿಟಾರ್ ಹೀರೋ' ಆಟ 2005ರಲ್ಲಿ ಬಂದು ಲೋಕವನ್ನೇ ಕುಣಿಸಿತು.

2023ರಲ್ಲಿ ಎಂಐಟಿಯಲ್ಲೇ ವಾಲಿಸ್ ಒಪೆರಾ ಹೊಸದಾಗಿ ರಂಗಕ್ಕೆ ಬಂತು. ನಿರ್ದೇಶನ ಜೇ ಷೈಬ್, ಫಿಲ್-ಫ್ಯಾಟ್ ಆಗಿ ಹಾಡಿದವನು ದವೋನ್ ಟೈನ್ಸ್. 1987ರ ವಾದ್ಯಗಳ ಜಾಗಕ್ಕೆ ಮೀಡಿಯಾ ಲ್ಯಾಬಿನ ವಿದ್ಯಾರ್ಥಿಗಳು ಹೊಸ ವಾದ್ಯ ಕಟ್ಟಿದರು, ಕೃತಕ ಬುದ್ಧಿಮತ್ತೆಯ ಬಳಕೆಯೂ ಸೇರಿತು. ಮನುಷ್ಯನ ಹೊರಗಿರುವ ಯಾವುದೋ ಬುದ್ಧಿ ಮಾತಾಡುತ್ತಿದೆಯಾ ಅನ್ನುವ ಪ್ರಶ್ನೆ 1987ರಲ್ಲಿ ವಿಲಕ್ಷಣವಾಗಿ ಕಂಡಿರಬಹುದು. ಈಗ ಅದು ಅಸೈನ್‌ಮೆಂಟ್ ಬರೆಯುವ ರಾತ್ರಿ ನಮ್ಮ ಲ್ಯಾಪ್‌ಟಾಪಿನ ಮುಂದೆಯೇ ಕೂತಿದೆ.

ನಾವು ಮಾಡುವುದಾದರೆ

ಕಾಲೇಜಿನ ರಂಗಕ್ಕೆ ಇಂಥ ಪ್ರಯೋಗ ಭಾರೀ ಖರ್ಚಿನದೇನೂ ಅಲ್ಲ. ಒಂದು ಮಿಡಿ ಕೀಬೋರ್ಡ್, ಒಂದು ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ಪ್ಯೂರ್ ಡೇಟಾ ತಂತ್ರಾಂಶ, ಎರಡು ಒಳ್ಳೆ ಸ್ಪೀಕರ್ ಇದ್ದರೆ ಶುರುಮಾಡಬಹುದು. ಕೆಲವು ಮಾತು ನೆನಪಿಡಿ.

ಇಡೀ ಕಾದಂಬರಿ ಬೇಡ, ಒಂದು ಹತ್ತು ನಿಮಿಷದ ದೃಶ್ಯ ಸಾಕು. ಆ ದೃಶ್ಯದಲ್ಲಿ ಲೇಖಕ ತೀರ್ಪು ಕೊಡದೆ ಬಿಟ್ಟದ್ದು ಯಾವುದು ಅಂತ ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಲೈಟು, ಸೌಂಡು, ಅಭಿನಯ ಯಾವುದೂ ಆ ತೀರ್ಪನ್ನು ಕದ್ದು ಕೊಡದಂತೆ ನೋಡಿಕೊಳ್ಳಿ.

ತಡವಾಗುವಿಕೆಯ ಲೆಕ್ಕ ಹಾಕಿ. ಸೆಕೆಂಡಿಗೆ 44,100 ಸ್ಯಾಂಪಲ್ ವೇಗದಲ್ಲಿ 512 ಸ್ಯಾಂಪಲ್‌ಗಳ ಬಫರ್ ಇಟ್ಟರೆ ಅಲ್ಲೇ 11.6 ಮಿಲಿಸೆಕೆಂಡ್ ಹೋಯಿತು. ಬಫರನ್ನು 128ಕ್ಕೆ ಇಳಿಸಿದರೆ 2.9. ಬ್ಲೂಟೂತ್ ಸ್ಪೀಕರ್ ಬೇಡವೇ ಬೇಡ, ಅದು ತರುವ ತಡ ಇದರ ಹತ್ತಾರು ಪಟ್ಟು. ಕೈ ಇಳಿದದ್ದು ಒಂದು ಕ್ಷಣ, ಧ್ವನಿ ಬಂದದ್ದು ಇನ್ನೊಂದು ಕ್ಷಣ ಆದರೆ ವಾದಕನಿಗೂ ಧ್ವನಿಗೂ ಇರುವ ನಂಟೇ ಕಡಿದುಹೋಗುತ್ತದೆ.

ಕೊನೆಗೆ, ಒಂದು ಪಾತ್ರದ ಮನಸ್ಸು ಸರಿಯಿಲ್ಲ ಅಂದ ತಕ್ಷಣ ಅವನ ದನಿಗೆ ಎಕೋ ಹಾಕಿ, ಕೆಂಪು ಲೈಟ್ ಬಿಟ್ಟು, ಕಿರುಚುವ ಸಿಂಥ್ ಓಡಿಸುವ ಅಭ್ಯಾಸ ನಮ್ಮ ಫೆಸ್ಟ್ ನಾಟಕಗಳಲ್ಲಿ ಧಾರಾಳವಾಗಿದೆ. ಅದು ಪರಿಣಾಮಕಾರಿ ಅನ್ನಿಸಬಹುದು. ಆದರೆ ಅದರಿಂದ ಪ್ರೇಕ್ಷಕನಿಗೆ ಹೋಗುವ ಸೂಚನೆ ಒಂದೇ: ಇವನ ಮಾತನ್ನು ಇನ್ನು ಕೇಳಬೇಕಾಗಿಲ್ಲ. ಹಾಸ್ಟೆಲ್ಲಿನ ಕಾರಿಡಾರಿನಲ್ಲೂ ನಾವು ಕೆಲವರಿಗೆ ಹೀಗೇ ಎಕೋ ಹಾಕಿ ಮುಗಿಸಿಬಿಡುತ್ತೇವೆ.

ವಾಲಿಸ್ ಕಾದಂಬರಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಗುಲಾಬಿ ಬೆಳಕಲ್ಲ. ಫ್ಯಾಟ್‌ನ ಗೆಳೆಯರು. ಅವನ ಸಿದ್ಧಾಂತಗಳನ್ನು ಅವರು ಪೂರ್ತಿ ನಂಬುವುದಿಲ್ಲ. ಅಣಕಿಸುತ್ತಾರೆ, ಬೈಯುತ್ತಾರೆ, ಸತ್ತ ಬೆಕ್ಕನ್ನು ಮುಂದಿಡುತ್ತಾರೆ. ಆದರೆ ವಾರ ವಾರ ಬಂದು ಕೂರುತ್ತಾರೆ, ಜೊತೆಗೆ ಸಿನಿಮಾಕ್ಕೆ ಹೋಗುತ್ತಾರೆ, ಅವನ ಮಾತಿನ ಬೆನ್ನು ಹತ್ತಿ ಊರು ಬಿಟ್ಟು ಊರಿಗೂ ಹೋಗುತ್ತಾರೆ. ನಂಬದೆಯೂ ಕೈಬಿಡುವುದಿಲ್ಲ. ಕಾದಂಬರಿ ಮುಗಿಯುವುದು ಫಿಲ್ ಟಿವಿಯ ಮುಂದೆ ಕೂತು ಏನೋ ಸೂಚನೆಗಾಗಿ ಕಾಯುತ್ತಿರುವಾಗ. ಒಪೆರಾದ ಇಬ್ಬರು ವಾದಕರು, ಆ ಹಳೇ ಮ್ಯಾಕಿಂಟೋಷ್, ಅಷ್ಟೆಲ್ಲ ಲಿಸ್ಪ್ ಕೋಡ್ ಸೇರಿ ಪ್ರೇಕ್ಷಕನನ್ನು ಆ ಗೆಳೆಯರ ಸಾಲಿನಲ್ಲಿ ಒಂದು ಗಂಟೆ ಕೂರಿಸುತ್ತವೆ. ಧ್ವನಿಮುದ್ರಿಕೆ ಸಿಗುತ್ತದೆ. ಪರೀಕ್ಷೆ ಮುಗಿದ ಮೇಲೆ ಒಂದು ಸಂಜೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲ ಹತ್ತು ನಿಮಿಷ ತಲೆಬುಡ ಗೊತ್ತಾಗದಿದ್ದರೆ ಆಫ್ ಮಾಡಬೇಡಿ, ಇನ್ನು ಸ್ವಲ್ಪ ಹೊತ್ತು ಕೂತಿರಿ.